ಎತ್ತರದ ಗಾಡಿ

ದೊಡ್ಡ ಮಗ ಸತ್ತದ್ದು ಸಣ್ಣ ಕಾರಿನಲ್ಲಿ. ಎದುರಿನಿಂದ ಬಂದ ಸಿಮೆಂಟ್ ಲಾರಿಯ ಬಂಪರ್ ಒಂದಿಷ್ಟು ನೆಗ್ಗಿತ್ತು, ಅಷ್ಟೆ. ಅದರ ಚಾಲಕ ಇಳಿದು ಟೈರಿಗೆ ಒರಗಿ ಕೂತು ನಡುಗುತ್ತಿದ್ದನಂತೆ. ಕಾರನ್ನು ಮಾತ್ರ ಕಟರ್ ಹಾಕಿ ಕತ್ತರಿಸಬೇಕಾಯಿತು. ಅಂದಿನಿಂದ ಆ ಮನೆಯ ಹಿರಿಯಳು ತನ್ನ ಮೊಮ್ಮಗಳು ಗುಬ್ಬಿಯನ್ನು ಯಾವ ಕಾರಿಗೂ ಹತ್ತಿಸಲಿಲ್ಲ. ಬಸ್ಸಾದರೆ ಸರಿ, ಅದು ದೊಡ್ಡದು.

ಮನೆಯಲ್ಲಿ ಎಲ್ಲರೂ ಈಗ ಗುಬ್ಬಿಯ ಲೆಕ್ಕದಲ್ಲೇ ಅಜ್ಜಿ, ಅಜ್ಜ, ಚಿಕ್ಕಪ್ಪ ಆಗಿಬಿಟ್ಟಿದ್ದರು. ಅಜ್ಜ ಬಸ್ಸು ಓಡಿಸಿ ನಿವೃತ್ತನಾದವನು. ಕಿರಿಯ ಮಗ ಕೋಲ್ಡ್ ಸ್ಟೋರೇಜಿನಲ್ಲಿ ಎಲೆಕ್ಟ್ರಿಷಿಯನ್. ಮೀಸೆ ಬಂದು ಎಷ್ಟೋ ಕಾಲವಾದರೂ ಅವನನ್ನು ಎಲ್ಲರೂ ಕರೆಯುವುದು ಚಿಕ್ಕು ಎಂದೇ. ಗುಬ್ಬಿಯ ತಾಯಿ, ಅಂದರೆ ಆ ಮನೆಯ ಸೊಸೆ, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಅವಳ ಬೆರಳುಗಳಿಗೆ ಬ್ಲೀಚಿಂಗ್ ಪುಡಿಯ ವಾಸನೆ ಖಾಯಂ ಅಂಟಿಕೊಂಡಿತ್ತು.

ಅಪಘಾತದ ಪರಿಹಾರ ಎರಡು ಪಾಲಾಗಿ, ಒಂದು ಸೊಸೆ ಮತ್ತು ಮಗುವಿನ ಹೆಸರಿಗೆ, ಇನ್ನೊಂದು ತಂದೆತಾಯಿಯ ಹೆಸರಿಗೆ ಬ್ಯಾಂಕಿಗೆ ಬಿದ್ದ ವಾರವೇ ಅಜ್ಜಿ ಊಟದ ಹೊತ್ತಿನಲ್ಲಿ ಮಾತೆತ್ತಿದಳು.

"ಇನ್ನು ಈ ಮನೇಲಿ ಯಾರೂ ಸಣ್ಣ ಗಾಡಿ ಹತ್ತೋ ಹಾಗಿಲ್ಲ. ದೊಡ್ಡದೊಂದು ತಗೊಳ್ಳೋಣ. ಗುತ್ತಿಗೆದಾರರು ಇಟ್ಕೊಂಡಿರ್ತಾರಲ್ಲ, ಎತ್ತರದ್ದು, ಅಂಥದ್ದು."

"ಅದು ಗಾಡಿಯಲ್ಲಮ್ಮ, ಚಕ್ರ ಇರೋ ಮನೆ," ಎಂದ ಚಿಕ್ಕು. ನಗುತ್ತಿದ್ದರೂ ಕಣ್ಣು ಮಿನುಗಿತು. ಅಂಥ ಗಾಡಿಯ ಹಿಂದೆ ಜನರೇಟರ್ ಕಟ್ಟಿಕೊಂಡು ಬಾಡಿಗೆಗೆ ಎಳೆಯಬಹುದು, ಕೋಲ್ಡ್ ಸ್ಟೋರೇಜಿನ ಕೆಲಸಕ್ಕೆ ಕೈಮುಗಿಯಬಹುದು ಎಂದು ಅವನು ಹೇಳಿಕೊಳ್ಳುತ್ತ ಬಂದು ಬಹಳ ದಿನವಾಗಿತ್ತು. "ಹೊಸದು ನಮ್ಮ ಕೈಗೆ ಎಟುಕೋದಲ್ಲ. ಹಳೇದು ನೋಡ್ಬೇಕು."

"ಅತ್ತೆ, ಅದು ಗುಬ್ಬಿ ಓದಿಗೆ ಅಂತ ಬಂದ ಹಣ," ಎಂದಳು ಸೊಸೆ.

"ಗುಬ್ಬಿ ಇದ್ರಲ್ವಾ ಓದೋದು?"

ಸೊಸೆ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಮಗಳ ತಟ್ಟೆಗೆ ಹಾಕಿ ಎದ್ದಳು.

"ನೋಡೋದಕ್ಕೇನು ಖರ್ಚು? ನೋಡ್ಕೊಂಡು ಬರೋಣ," ಎಂದ ಅಜ್ಜ. ಮಗ ಹೋದ ಮೇಲೆ ಊಟಕ್ಕೆ ಕರೆದರೆ ಬರುವುದು, ಹೇಳಿದರೆ ಮಲಗುವುದು, ಇಷ್ಟೇ ಆಗಿದ್ದ ಮನುಷ್ಯ ಅಂದು ಟಾರ್ಚ್ ಎಲ್ಲಿದೆ ಎಂದು ತಾನಾಗಿ ಕೇಳಿದ.

ಮುಂದಿನ ವಾರಗಳಲ್ಲಿ ರಜೆ ಸಿಕ್ಕಾಗಲೆಲ್ಲ ಅಪ್ಪ, ಮಗ ಗಾಡಿ ನೋಡಲು ಹೊರಟರು. ಮೊದಲನೆಯದು ಒಂದು ಹಳೇ ಗಾಡಿಗಳ ಅಂಗಡಿಯಲ್ಲಿತ್ತು. ಹೊರಗೆ ಕನ್ನಡಿಯಂತೆ ಫಳಫಳ. ಅಜ್ಜ ಬಾಗಿಲು ತೆಗೆದವನೇ ಮೂಗು ಅರಳಿಸಿದ. ಒಳಗೆ ಸೆಂಟಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಹಿಂದಿನ ಸೀಟಿನ ಕೆಳಗಿನ ಹಾಸು ಎಳೆದು ಟಾರ್ಚ್ ಬಿಟ್ಟ. ಮೂಲೆಯಲ್ಲಿ ಕೆಸರು ಒಣಗಿ ಸಿಪ್ಪೆ ಎದ್ದಿತ್ತು.

"ಇದು ನೀರಲ್ಲಿ ಮುಳುಗಿದ ಗಾಡಿ," ಎಂದ ಮಗನಿಗೆ, ಮೆಲ್ಲಗೆ.

"ಮಳೇಲಿ ಕಿಟಕಿ ತೆಗೆದಿಟ್ಟಿದ್ರು, ಯಜಮಾನ್ರೇ," ಎಂದ ಅಂಗಡಿಯವನು.

"ಹೌದಾ? ಆ ಕಿಟಕಿಯಿಂದ ಮೀನೂ ಬಂದಿತ್ತಾ?"

ಚಿಕ್ಕು ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ತಮಾಷೆ ಮಾಡಿದ್ದನ್ನು ಕೇಳಿ ಅವನಿಗೆ ಎಷ್ಟೋ ಕಾಲವಾಗಿತ್ತು.

ಎರಡನೆಯದನ್ನು ನೋಡಲು ಹೇಳಿದ ಹೊತ್ತಿಗಿಂತ ಮೊದಲೇ ಹೋದರು. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು ಎಂಬುದು ಅಜ್ಜನ ಹಟ. ಆದರೆ ಮಾರುವವನು ಆಗಲೇ ಬಿಸಿ ಮಾಡಿಟ್ಟಿದ್ದ. ಅಜ್ಜ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ, ಒಳಗೆ ಬಗ್ಗಿದ. ಮೀಟರು ಕಡಿಮೆ ಓಡಿದ ಹಾಗೆ ತೋರಿಸುತ್ತಿತ್ತು, ಬ್ರೇಕ್ ಪೆಡಲಿನ ರಬ್ಬರು ಮಾತ್ರ ಸವೆದು ಕಬ್ಬಿಣ ಕಂಡಿತ್ತು. ಗೇರ್‌ಬಾಕ್ಸಿನ ಎಣ್ಣೆ ಬೆರಳಿಗೆ ಹಚ್ಚಿ ಮೂಸಿದರೆ ಸುಟ್ಟ ವಾಸನೆ.

"ಇದರ ಕೈಲಿ ಏನೇನೋ ಎಳೆಸಿದಾರೆ. ಸೊಂಟ ಮುರಿದಿದೆ," ಎಂದ ದಾರಿಯಲ್ಲಿ.

"ಅಪ್ಪ, ನೀನು ಹೀಗೆ ಮೂಸ್ತಾ ಹೋದ್ರೆ ನಾವು ಗಾಡಿ ತಗೊಂಡ ಹಾಗೇ."

"ನಿಮ್ಮಮ್ಮ ಕೂರೋ ಗಾಡಿ ಕಣೋ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ಬೇಕು."

ಮನೆಯಲ್ಲಿ ಅಜ್ಜಿ ಪ್ರತಿ ಸಲವೂ ಬಾಗಿಲಲ್ಲೇ ಕಾಯುವಳು. ಆಗಲಿಲ್ಲ ಎಂದು ಕೇಳಿದರೆ ಮುಖ ಗಂಟು ಹಾಕಿಕೊಂಡು ಪಾತ್ರೆ ಕುಕ್ಕುವಳು. ಆ ಸಿಟ್ಟು ಹೋಗಿ ಬೀಳುತ್ತಿದ್ದುದು ಸೊಸೆಯ ಮೇಲೆ.

"ಪಾಲಿಗೆ ಬಂದದ್ದನ್ನ ಬ್ಯಾಂಕಲ್ಲಿ ಬಚ್ಚಿಟ್ಕೊಂಡು ಕೂತಿದೀಯ."

"ಬಚ್ಚಿಟ್ಟಿಲ್ಲ ಅತ್ತೆ, ಇಟ್ಟಿದೀನಿ."

"ನಿನಗೆ ಮಗು ಮೇಲೆ ಭಯಾನೇ ಇಲ್ಲ."

ಸೊಸೆ ಒದ್ದೆ ಬಟ್ಟೆಯನ್ನು ಜಾಡಿಸಿ ತಂತಿಗೆ ಹಾಕಿದಳು. "ಇದೆ," ಎಂದಳು ಬೆನ್ನು ಹಾಕಿಕೊಂಡೇ.

ಮೂರನೆಯ ಗಾಡಿ ರಸ್ತೆ ಕಾಮಗಾರಿ ಮಾಡಿಸುವ ಗುತ್ತಿಗೆದಾರನದು. ಅಂದು ಭಾನುವಾರ, ಸೊಸೆಗೂ ರಜೆ; ಅಜ್ಜಿ ಎಲ್ಲರನ್ನೂ ಹೊರಡಿಸಿದಳು. ಗೇಟಿನೊಳಗೆ ಕಾಲಿಟ್ಟಾಗಲೇ ಗಾಡಿ ಕಂಡಿತು. ಕಡು ಬೂದು ಬಣ್ಣ, ಮೂರು ಸಾಲು ಸೀಟು, ಅಜ್ಜಿಯ ಎದೆಯ ಮಟ್ಟಕ್ಕೆ ಬಾನೆಟ್ಟು. ಅಜ್ಜಿ ಅದರ ಬಾಗಿಲನ್ನು ಎಮ್ಮೆಯ ಬೆನ್ನು ಸವರಿದ ಹಾಗೆ ಸವರಿದಳು.

ಎಂಜಿನ್ ತಣ್ಣಗಿತ್ತು. ಒಂದೇ ತಿರುವಿಗೆ ಎದ್ದಿತು, ಹೊಗೆಯಿಲ್ಲ, ಬಡಿತವಿಲ್ಲ. ಅಜ್ಜ ಗೋಣಿಚೀಲ ಹಾಸಿಕೊಂಡು ಅಡಿಗೆ ತೂರಿದ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಲಿವರ್ ಎಳೆದು ನೋಡಿದ. ಟೈರುಗಳ ಮೇಲೆ ಅಂಗೈ ಆಡಿಸಿದ. ಅವನ ಮುಖ ಸಡಿಲಾಗುತ್ತ ಬಂದು, ಗಾಡಿಯ ಮುಂಭಾಗಕ್ಕೆ ಬರುತ್ತಿದ್ದಂತೆ ಮತ್ತೆ ಬಿಗಿಯಿತು. ಎರಡು ದೀಪಗಳಲ್ಲಿ ಒಂದು ಹಳದಿ ತಿರುಗಿತ್ತು, ಇನ್ನೊಂದು ಹೊಸದು. ಅಡಿಯಲ್ಲಿ ಗಾಡಿಯ ಚೌಕಟ್ಟಿನ, ಅಂದರೆ ಚಾಸಿಯ, ಮೂತಿ ಹತ್ತಿರ ಬೆಸುಗೆಯ ಗೆರೆ, ಅದರ ಮೇಲೆ ಕಪ್ಪು ಬಣ್ಣ.

"ಇಲ್ಲಿ ಪೆಟ್ಟಾಗಿದೆ," ಎಂದ.

ಗುತ್ತಿಗೆದಾರ ಮುಚ್ಚುಮರೆ ಮಾಡಲಿಲ್ಲ. "ಆಗಿದೆ ಯಜಮಾನ್ರೇ. ಹೈವೇಲಿ ಒಂದು ಸಣ್ಣ ಕಾರು ಅಡ್ಡ ಬಂತು. ನಮಗೆ ಒಂದು ತರಚು ಗಾಯಾನೂ ಆಗಲಿಲ್ಲ. ನನ್ನ ಹುಡುಗ ಹಿಂದೆ ಮಲಗಿದ್ದ, ಅವನಿಗೆ ಎಚ್ಚರಾನೇ ಆಗಲಿಲ್ಲ ಅಂತೀನಿ! ಗಾಡಿ ಅಂದ್ರೆ ಇದು."

"ಆ ಕಾರಲ್ಲಿದ್ದೋರು?" ಸೊಸೆ ಕೇಳಿದಳು.

"ಹಾಂ?"

"ಕಾರಲ್ಲಿ ಯಾರಿದ್ರು? ಏನಾದ್ರು?"

ಗುತ್ತಿಗೆದಾರ ಕತ್ತು ಕೆರೆದುಕೊಂಡ. "ಗಂಡ ಹೆಂಡ್ತಿ ಅನ್ಸುತ್ತೆ. ಆಸ್ಪತ್ರೆಗೆ ಸಾಗಿಸಿದ್ರು. ಆಮೇಲಿನದೆಲ್ಲ ಇನ್ಶುರೆನ್ಸ್‌ನೋರು ನೋಡ್ಕೊಂಡ್ರು, ನನಗೆ ಗೊತ್ತಿಲ್ಲಮ್ಮ. ತಪ್ಪು ಅವರದೇ ಇತ್ತು."

ಸೊಸೆ ಮಗಳ ಕೈ ಹಿಡಿದು ಗೇಟಿನ ಕಡೆ ಹೊರಟಳು. ಅಜ್ಜಿ ಅಲುಗಲಿಲ್ಲ.

"ರೀ," ಎಂದಳು ಗಂಡನಿಗೆ, "ಇದೇ ಬೇಕು."

ಮನೆಗೆ ಬಂದ ಮೇಲೆ ಚಪ್ಪಲಿ ಬಿಡುವಾಗಲೇ ಶುರುವಾಯಿತು.

"ಅದರಲ್ಲಿ ಗುಬ್ಬೀನ ಕೂರಿಸಲ್ಲ ನಾನು," ಎಂದಳು ಸೊಸೆ. "ನನ್ನ ಪಾಲಿನ ಹಣ ಅದಕ್ಕೆ ಹೋಗಲ್ಲ."

"ಯಾಕೆ? ಒಳಗಿದ್ದ ಹುಡುಗ ನಿದ್ದೆಯಿಂದ ಏಳಲಿಲ್ಲ ಅಂದನಲ್ಲ, ಕೇಳಿಸ್ಲಿಲ್ವಾ?"

"ಹೊರಗಿದ್ದೋರ ಬಗ್ಗೆ ಅಂದದ್ದೂ ಕೇಳಿಸ್ತು."

"ಅವರು ನಿನಗೇನಾಗ್ಬೇಕು?"

"ಅತ್ತೆ, ಅವತ್ತು ನಿಮ್ಮ ಮಗ ಆ ಸಣ್ಣ ಕಾರಲ್ಲಿದ್ರು."

"ಅದಕ್ಕೇ ಹೇಳ್ತಿರೋದು!" ಅಜ್ಜಿಯ ದನಿ ಒಡೆಯಿತು. "ಅವನು ಇಂಥದ್ದರಲ್ಲಿ ಇದ್ದಿದ್ರೆ ಬದುಕ್ತಿದ್ದ."

"ಎದುರಿಗಿರೋನು ಸಾಯ್ತಿದ್ದ."

"ಸಾಯ್ಲಿ! ಯಾರೋ ಒಬ್ಬ ಸಾಯ್ಲಿ! ಅವನ ತಾಯಿ ಅಳಲಿ! ನಾನೇ ಯಾಕೆ ಅಳ್ಬೇಕಿತ್ತು?"

ಗುಬ್ಬಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಚಿಕ್ಕು ಅವಳನ್ನೆತ್ತಿಕೊಂಡು ಹೊರಗೆ ಹೋದ. ಅಜ್ಜಿ ಗೋಡೆಗೆ ಒರಗಿ ಕೂತು ಸೆರಗಿನಿಂದ ಬಾಯಿ ಒತ್ತಿ ಹಿಡಿದಳು. ಅಂದು ಯಾರೂ ಒಲೆ ಹಚ್ಚಲಿಲ್ಲ. ಮಗುವಿಗೆ ಬ್ರೆಡ್ಡು, ಹಾಲು ಕೊಟ್ಟು ಮಲಗಿಸಿದರು.

ಅತ್ತೆ ಸೊಸೆಯರ ಮಾತು ಅಲ್ಲಿಗೆ ನಿಂತಿತು. ಉಪ್ಪು ಬೇಕಾದರೂ ಗುಬ್ಬಿಯ ಮೂಲಕ ಕೇಳುವ ಹಾಗಾಯಿತು. "ನಿಮ್ಮಮ್ಮನಿಗೆ ಹೇಳು, ಗ್ಯಾಸ್ ಖಾಲಿ ಆಗ್ತಿದೆ." "ಅಜ್ಜಿಗೆ ಹೇಳು, ಬುಕ್ ಮಾಡಿದೀನಿ ಅಂತ." ಒಂದೇ ಕೋಣೆಯಲ್ಲಿ ಇಬ್ಬರೂ ಇರುವಾಗ ಮಗು ಆ ಗೋಡೆಯಿಂದ ಈ ಗೋಡೆಗೆ ಓಡಿ ಹೇಳಿ ಬರುವುದು. ಮೊದಮೊದಲು ಆಟವೆಂದು ಕುಣಿಯುತ್ತ ಹೇಳುತ್ತಿದ್ದಳು. ಆಮೇಲೆ, "ನೀವೇ ಹೇಳ್ಕೊಳ್ಳಿ, ನನಗೆ ಕಾಲು ನೋವು," ಅನ್ನತೊಡಗಿದಳು.

ಇಷ್ಟರಲ್ಲಿ ಚಿಕ್ಕು ಗುತ್ತಿಗೆದಾರನ ಜೊತೆ ಮಾತಾಡಿದ್ದ. ವರ್ಕ್‌ಶಾಪಿನಲ್ಲಿ ಗಾಡಿಯನ್ನು ಮೇಲೆತ್ತಿಸಿ ಚಾಸಿಯ ಅಳತೆ ಹಿಡಿಸಿ, ಎರಡು ದಿನ ಮನೆಯಲ್ಲಿಟ್ಟುಕೊಂಡು ಓಡಿಸಿ ನೋಡಿ ಎಂದು ಅವನು ಒಪ್ಪಿದ್ದ. ವರ್ಕ್‌ಶಾಪಿಗೆ ಹೊರಡುವ ಬೆಳಿಗ್ಗೆ ಅಜ್ಜ ಹಿತ್ತಲಲ್ಲಿ ಗಡ್ಡ ಹೆರೆಯುತ್ತಿದ್ದ. ಸೊಸೆ ಬಕೆಟ್ ಹಿಡಿದು ಬಂದವಳು ಅಲ್ಲೇ ನಿಂತಳು.

"ಮಾವ, ಒಂದು ಮಾತು."

"ಹೇಳಮ್ಮ."

"ಚಾಸಿ ಸೊಟ್ಟ ಇದೆ ಅಂತ ಹೇಳಿಬಿಡಿ. ನಿಮ್ಮ ಮಾತು ಅಂದ್ರೆ ಅತ್ತೆ ಬಿಟ್ಟುಬಿಡ್ತಾರೆ. ಎಲ್ಲ ಇಲ್ಲಿಗೇ ಮುಗಿಯುತ್ತೆ."

ಅಜ್ಜ ಬ್ಲೇಡನ್ನು ನೀರಲ್ಲಿ ಅದ್ದಿ ಅಲ್ಲಾಡಿಸಿದ. "ಸೊಟ್ಟ ಇದ್ರೆ ಹೇಳ್ತೀನಿ."

"ನೆಟ್ಟಗಿದ್ರೆ?"

ಅವನು ಬ್ಲೇಡನ್ನು ಮತ್ತೆ ಕೆನ್ನೆಗೆ ಹಚ್ಚಿದ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಬಕೆಟ್ ಎತ್ತಿಕೊಂಡು ಹೋದಳು.

ಚಾಸಿ ನೆಟ್ಟಗಿತ್ತು. ವರ್ಕ್‌ಶಾಪಿನ ಮೇಸ್ತ್ರಿ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ತೋರಿಸಿದ. ಬೆಸುಗೆ ಗಟ್ಟಿಯಾಗಿತ್ತು, ತುಕ್ಕು ಹಿಡಿದಿರಲಿಲ್ಲ. ಊಟಕ್ಕೆ ಕೂತಾಗ ಎಲ್ಲರ ಕಣ್ಣೂ ಅಜ್ಜನ ಮೇಲೆ. ಅವನು ಬೇಳೆಯಲ್ಲಿ ಅನ್ನ ಕಲೆಸುತ್ತ ಕಲೆಸುತ್ತ ಇದ್ದ.

"ಏನಾಯ್ತು ಹೇಳ್ರೀ," ಎಂದಳು ಅಜ್ಜಿ.

"ಸರಿಯಾಗಿದೆ," ಎಂದ ಅಜ್ಜ. "ಗಾಡೀಲಿ ದೋಷ ಇಲ್ಲ."

ಅಜ್ಜಿ ಆ ದಿನ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಸೊಸೆ ಮಾವನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿ ಮನೆಯ ಮುಂದೆ ನಿಂತಿತ್ತು. ಬೀದಿಯ ಅರ್ಧ ಅದೇ. ಪಕ್ಕದ ಮನೆಯವರು ಗೇಟು ತೆಗೆಯಲಾಗದೆ ಗೊಣಗಿದರು. ಅಜ್ಜ ಚಾಲಕನ ಸೀಟಿನಲ್ಲಿ ಕೂತು ಕನ್ನಡಿಗಳನ್ನು ತಿರುಗಿಸಿದ, ಸೀಟು ಮುಂದೆ ಹಿಂದೆ ಮಾಡಿದ, ಎದುರಿಗೆ ನೋಡುತ್ತ ಬಹಳ ಹೊತ್ತು ಹಾಗೇ ಕೂತ. ಬಸ್ಸಿನಲ್ಲಿ ಗಾಜು ಮೊಣಕಾಲಿನವರೆಗೂ ಇಳಿದಿರುತ್ತಿತ್ತು. ಚಕ್ರದ ಮುಂದಿನ ನೆಲ ಕಾಣುತ್ತಿತ್ತು. ಇಲ್ಲಿ ಕಾಣುವುದೆಲ್ಲ ಬರೀ ಬಾನೆಟ್ಟು.

"ಚಿಕ್ಕು, ಆ ಬಕೆಟ್ ತಂದು ಮುಂದಿಡು," ಎಂದು ಕೂಗಿದ.

ಬಕೆಟ್ ಕಾಣಲಿಲ್ಲ. ಹಿಂದಕ್ಕೆ ಸರಿಸು ಎಂದ, ಕಾಣಲಿಲ್ಲ. ಅಡುಗೆಮನೆಯ ಸ್ಟೂಲ್ ಇಡಿಸಿದ; ಅದೂ ಕಾಣಲಿಲ್ಲ. ಆಮೇಲೆ ಎಂಜಿನ್ ಆರಿಸಿ, ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡು ಕೆಳಗಿಳಿದ.

"ಇವಳೇ, ಬಾ ಇಲ್ಲಿ. ನನ್ನ ಜಾಗದಲ್ಲಿ ಕೂತ್ಕೋ."

ಅಜ್ಜಿ ನಾಚಿಕೊಂಡಳು. "ನಾನೇನು ಓಡಿಸ್ಲಾ?"

"ಕೂತ್ಕೋ ಅಂದೆ."

ಚಿಕ್ಕು ತಾಯಿಯನ್ನು ಎತ್ತಿ ಕೂರಿಸಿದ. ಅಜ್ಜಿ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಬೀದಿಯನ್ನು ಮೇಲಿನಿಂದ ನೋಡಿದಳು. ಅಜ್ಜ ಗುಬ್ಬಿಯನ್ನು ಕರೆದು ಬಂಪರಿನ ಮುಂದೆ ನಿಲ್ಲಿಸಿ ಪಕ್ಕಕ್ಕೆ ಸರಿದ.

"ಏನು ಕಾಣುತ್ತೆ ಹೇಳು."

"ಬೀದಿ ಕಾಣುತ್ತೆ. ಆ ತಿರುವಿನ ಅಂಗಡಿ ಕಾಣುತ್ತೆ. ಎಷ್ಟು ಚೆನ್ನಾಗಿದೆ!"

"ಗುಬ್ಬಿ ಎಲ್ಲಿದಾಳೆ?"

"ಒಳಗಿರ್ಬೇಕು."

"ಇಲ್ಲೇ ಇದೀನಿ ಅಜ್ಜೀ!" ಗುಬ್ಬಿ ನಗುತ್ತ ಕೈಯೆತ್ತಿ ಕುಪ್ಪಳಿಸಿದಳು. ಮೇಲೆ ಕೂತವಳಿಗೆ ಬೆರಳ ತುದಿ ಕೂಡ ಕಾಣಲಿಲ್ಲ. ದನಿ ಮಾತ್ರ ಕಬ್ಬಿಣದ ಅಡಿಯಿಂದ ಬಂದ ಹಾಗೆ ಬಂತು.

ಅಜ್ಜಿಯ ಕೈ ಸ್ಟೇರಿಂಗಿನಿಂದ ಜಾರಿತು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಸೊಸೆ ಓಡಿಬಂದು ಮಗಳನ್ನು ಎಳೆದುಕೊಂಡಳು.

"ಈಗ ಹೇಳು," ಎಂದ ಅಜ್ಜ.

ಅಜ್ಜಿ ತುಟಿ ಬಿಗಿದಳು. "ಗುಬ್ಬಿ ಒಳಗಿರ್ತಾಳೆ. ಹೊರಗ್ಯಾಕೆ ಇರ್ತಾಳೆ?"

"ಹೊರಗೆ ಇರೋದು ಯಾರ ಗುಬ್ಬಿ, ಅತ್ತೆ?" ವಾರಗಳಾದ ಮೇಲೆ ಸೊಸೆ ಅವಳಿಗೆ ನೇರವಾಗಿ ಆಡಿದ ಮಾತು ಅದು.

"ನನಗೆ ಬೇಡ ಅದೆಲ್ಲ! ಊರಿನ ಮಕ್ಕಳನ್ನೆಲ್ಲ ನಾನು ಕಾಯೋಕಾಗಲ್ಲ. ನನ್ನದನ್ನೇ ಕಾಯೋಕಾಗಲಿಲ್ಲ."

ಅಜ್ಜ ಜೇಬಿನಿಂದ ಬೀಗದ ಕೈ ತೆಗೆದು ಬಾನೆಟ್ಟಿನ ಮೇಲಿಟ್ಟ. "ಇದನ್ನ ನಾನು ಓಡಿಸಲ್ಲ. ತಗೊಳ್ಳೋದು ಬಿಡೋದು ನಿಮಗೆ ಸೇರಿದ್ದು."

"ನೀನು ಓಡಿಸದಿದ್ರೆ ಬೇಡ, ನಾನು ಓಡಿಸ್ತೀನಿ," ಎಂದು ಚಿಕ್ಕು ಬೀಗದ ಕೈ ಎತ್ತಿಕೊಂಡ. "ಅತ್ತಿಗೆ, ನಿಮ್ಮ ಪಾಲು ನಿಮ್ಮಲ್ಲೇ ಇರ್ಲಿ. ಅಮ್ಮನ ಪಾಲಿದೆ, ಮಿಕ್ಕದ್ದು ನಾನು ಸಾಲ ಮಾಡ್ತೀನಿ. ಜನರೇಟರ್ ಎಳೆದು ತೀರಿಸ್ತೀನಿ. ನನಗೂ ಒಂದು ಬದುಕು ಅಂತ ಬೇಡ್ವಾ?"

ತಂದೆತಾಯಿಯ ಪಾಲಿನ ಕಾಗದಕ್ಕೆ ಅಜ್ಜನ ಸಹಿಯೂ ಬೇಕಿತ್ತು. ಹೆಂಡತಿ ಪೆನ್ನು ಕೈಗೆ ಕೊಟ್ಟಾಗ ಅವನು ಹಾಕಿಕೊಟ್ಟ.

ಗಾಡಿ ಮನೆಗೆ ಬಂದ ತಿಂಗಳಲ್ಲೇ ಸೊಸೆ ಆಸ್ಪತ್ರೆಯ ಹಿಂಬದಿಯಲ್ಲಿ ಒಂದು ಕೋಣೆ ನೋಡಿಕೊಂಡಳು. ಚಿಕ್ಕು ದಿನಾ ಗಾಡಿಯನ್ನು ಬೀದಿಯಲ್ಲಿ ಹಿಂದಕ್ಕೆ ಮುಂದಕ್ಕೆ ಮಾಡುವಾಗ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಮಗಳನ್ನು ಹುಡುಕಿಕೊಂಡು ಓಡುತ್ತಿದ್ದಳು. ಒಮ್ಮೆ ಕೆಲಸದ ಜಾಗದಲ್ಲಿ, ಬಟ್ಟೆಯ ಗಾಡಿ ತಳ್ಳುವ ಸದ್ದಿಗೂ ಹಾಗೇ ಎದ್ದು ಓಡಿದಳು. ಅದೇ ದಿನ ಕೋಣೆಗೆ ಮುಂಗಡ ಕೊಟ್ಟು ಬಂದಳು.

ಹೊರಡುವ ದಿನ ಸಾಮಾನು ಬೀದಿಗೆ ಬಂತು. ಒಂದು ಮಂಚ, ಎರಡು ಟ್ರಂಕು, ಗ್ಯಾಸ್ ಒಲೆ, ಗುಬ್ಬಿಯ ಮೇಜು. ಅಜ್ಜನೇ ಹಗ್ಗ ಬಿಗಿದ.

"ಅತ್ತಿಗೆ, ನಮ್ಮ ಗಾಡೀಲೇ ಹಾಕ್ಕೊಂಡು ಹೋಗಿಬಿಡ್ತೀನಿ," ಎಂದ ಚಿಕ್ಕು, ನೆಲ ನೋಡುತ್ತ.

"ಬೇಡಪ್ಪ. ಟೆಂಪೊ ಹೇಳಿದೀನಿ."

ಟೆಂಪೊ ಬಂತು. ಚಾಲಕನ ಪಕ್ಕದಲ್ಲಿ ಇಬ್ಬರು ಇಕ್ಕಟ್ಟಾಗಿ ಕೂರುವಷ್ಟು ಜಾಗ. ಸೊಸೆ ಗುಬ್ಬಿಯನ್ನು ಹತ್ತಿಸಲು ಎತ್ತಿದಾಗ, ಬೆಳಗಿನಿಂದ ಕೋಣೆಯೊಳಗೇ ಕೂತಿದ್ದ ಅಜ್ಜಿ ಬರಿಗಾಲಲ್ಲಿ ಓಡಿಬಂದಳು.

"ಅದರಲ್ಲಿ ಬೇಡ ಕಣೇ! ನೋಡು, ತಗಡು ಅದು! ಎಲ್ಲಿಗೆ ಬೇಕಾದ್ರೂ ಹೋಗು, ಏನು ಬೇಕಾದ್ರೂ ಅನ್ನು, ಅದರಲ್ಲಿ ಮಾತ್ರ ಕೂರಿಸ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ." ಬೀಳಲು ಬಗ್ಗಿಯೂ ಬಿಟ್ಟಳು.

ಸೊಸೆ ಅವಳ ಹೆಗಲು ಹಿಡಿದು ನಿಲ್ಲಿಸಿದಳು. ಮಗಳನ್ನು ಕೆಳಗಿಳಿಸಿದಳು. ಟೆಂಪೊದವನಿಗೆ ವಿಳಾಸ ಹೇಳಿ, "ಸಾಮಾನು ಇಳಿಸಿರಿ, ನಾವು ನಡ್ಕೊಂಡು ಬರ್ತೀವಿ," ಎಂದಳು.

"ದೂರ ಇದೆಯಲ್ಲಮ್ಮ?"

"ಇರ್ಲಿ."

ಮೂವರೂ ನಡೆದರು. ಯಾರೂ ಅಜ್ಜಿಯನ್ನು ಕರೆದಿರಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಅವಳೇ ಹೊರಟಿದ್ದಳು. ದೊಡ್ಡ ರಸ್ತೆ ಬಂದಾಗ ಗುಬ್ಬಿಯನ್ನು ಒಳಬದಿಗೆ ಹಾಕಿ, ವಾಹನ ಓಡುವ ಬದಿಗೆ ತಾನು ಬಂದಳು. ಲಾರಿ ಹತ್ತಿರದಲ್ಲಿ ಹಾದುಹೋದಾಗಲೆಲ್ಲ ತೋಳು ಚಾಚಿ ಮಗುವನ್ನು ಅಡ್ಡ ಹಿಡಿಯುವಳು. ಧೂಳು ಅವಳ ಒಂದು ಬದಿಗೇ ಮೆತ್ತಿಕೊಂಡಿತು. ಗುಬ್ಬಿ ದಾರಿಯುದ್ದಕ್ಕೂ ಅದು ಇದು ಮಾತಾಡುತ್ತಿದ್ದಳು. ಇಬ್ಬರೂ ಅವಳಿಗೆ ಉತ್ತರ ಕೊಡುತ್ತಿದ್ದರು, ಒಬ್ಬರಿಗೊಬ್ಬರು ಏನೂ ಹೇಳಲಿಲ್ಲ.

ಕೋಣೆಗೆ ತಲುಪಿದಾಗ ಸಾಮಾನೆಲ್ಲ ವರಾಂಡದಲ್ಲಿ ಬಿದ್ದಿತ್ತು. ಅಜ್ಜಿ ಮೆಟ್ಟಿಲ ಮೇಲೆ ಕೂತು ಒಂದು ಚೊಂಬು ನೀರು ಕುಡಿದಳು. ಆಮೇಲೆ ಎದ್ದು, ಹೇಳದೆ ಕೇಳದೆ, ಕೋಣೆ ಗುಡಿಸಿದಳು. ಕಿಟಕಿಯ ಚಿಲಕ ಬೀಳುತ್ತದೆಯೇ ಎಂದು ಎಳೆದು ನೋಡಿದಳು.

"ಊಟ ಮಾಡ್ಕೊಂಡು ಹೋಗಿ," ಎಂದಳು ಸೊಸೆ.

"ಅವರು ಕಾಯ್ತಿರ್ತಾರೆ. ಅನ್ನಕ್ಕಿಟ್ಟಿಲ್ಲ."

ಅಷ್ಟರಲ್ಲಿ ಚಿಕ್ಕು ತಾಯಿಯನ್ನು ಹುಡುಕಿಕೊಂಡು ಗಾಡಿ ತಂದಿದ್ದ. ಓಣಿಯಲ್ಲಿ ಅದು ಚಾಲಕನ ಬದಿಯ ಗೋಡೆಗೆ ತಾಗುವಂತೆ ನಿಂತಿತ್ತು. ಅವನ ಬದಿಯ ಬಾಗಿಲು ಅರ್ಧವೂ ತೆರೆಯದೆ, ಇಳಿದು ಬರಲಾಗಲಿಲ್ಲ. ಅಜ್ಜಿ ಈಚೆ ಬದಿಯಿಂದ ಬಾಗಿಲು ಹಿಡಿದು ಕಾಲೆತ್ತಿದಳು. ಇಷ್ಟು ದೂರ ನಡೆದು ಮೊಣಕಾಲು ಸೋತಿತ್ತು, ಮೆಟ್ಟು ಎಟುಕಲಿಲ್ಲ. ಇನ್ನೊಮ್ಮೆ ಎತ್ತಿದಳು, ಜಾರಿದಳು.

ಸೊಸೆ ಗುಬ್ಬಿಯನ್ನು ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿದಳು. ಬಂದು, ಅತ್ತೆಯ ಸೊಂಟಕ್ಕೆ ಭುಜ ಕೊಟ್ಟಳು. "ನನ್ನ ಮೇಲೆ ಭಾರ ಬಿಡಿ," ಎಂದಳು. ಅಜ್ಜಿ ಅವಳ ಕತ್ತನ್ನು ಬಳಸಿ ಹಿಡಿದಳು. ಸೊಸೆ ಹಲ್ಲು ಕಚ್ಚಿ ಎತ್ತಿದಳು; ಮುದುಕಿ ಸೀಟಿನ ಮೇಲೆ ಹೋಗಿ ಕೂತಳು. ಕೈ ಬಿಡಿಸಿಕೊಳ್ಳಲು ಇಬ್ಬರಿಗೂ ಒಂದಿಷ್ಟು ಹೊತ್ತು ಹಿಡಿಯಿತು.

"ಭಾನುವಾರ ಬರ್ಲಾ?" ಅಜ್ಜಿ ಕೇಳಿದಳು.

"ಬನ್ನಿ."

"ಬಸ್ಸಲ್ಲಿ ಬರ್ತೀನಿ."

ಗಾಡಿ ಹಿಮ್ಮುಖವಾಗಿ ಓಣಿಯಿಂದ ಹೊರಗೆ ಹೋಗುವವರೆಗೂ ಸೊಸೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಆಮೇಲೆ ಚಿಲಕ ತೆಗೆದು ಒಳಗೆ ಹೋಗಿ, ಟ್ರಂಕಿನಿಂದ ಪಾತ್ರೆ ಹುಡುಕಿ, ಇಬ್ಬರಿಗಾಗುವಷ್ಟು ಅಕ್ಕಿ ತೊಳೆಯತೊಡಗಿದಳು.